ಅವಧಿಗೆ ಮೊದಲೇ ಖೋಲಿ ಬಿಡುವವರ ಪಾಡು

ಕಳೆದ ವರ್ಷ ಜೂನ್ 3ರಂದು, ಮುಂಬಯಿಯಲ್ಲಿ ನಾವು ವಾಸವಿದ್ದ ಸಾರ್ವಜನಿಕ ಬಾಡಿಗೆ ವಸತಿಯ ಕಚೇರಿಗೆ ಹೋಗಿ, ಕರಾರಿನ ಅವಧಿ ಇನ್ನೂ ಹದಿನೇಳು ತಿಂಗಳು ಉಳಿದಿರುವಾಗಲೇ ಖೋಲಿಯನ್ನು ಹಿಂದಿರುಗಿಸುತ್ತೇವೆ ಎಂದು ಬರೆದ ಅರ್ಜಿಯನ್ನು ಕೊಟ್ಟೆ. ಗುಮಾಸ್ತರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ದನಿ ತಗ್ಗಿಸಿ, "ಸೋಡೂ ನಕಾ, ತಾಈ" ಎಂದರು. ಬಿಡಬೇಡಿ, ಬೀಗ ಹಾಕಿ ನಿಮ್ಮ ನೆಂಟರಲ್ಲಿ ಯಾರನ್ನಾದರೂ ಕೂರಿಸಿ, ತಿಂಗಳು ತಿಂಗಳು ಭಾಡೆ ತುಂಬುತ್ತಿದ್ದರೆ ಇಲ್ಲಿ ಯಾರೂ ಕೇಳುವುದಿಲ್ಲ ಎಂಬುದು ಅವರ ಸಲಹೆ. ಅವರು ಕೆಟ್ಟವರಲ್ಲ, ನನ್ನ ಹಿತವನ್ನೇ ಬಯಸಿ ಹೇಳಿದ ಮಾತು ಅದು. ಆದರೆ ಯಾವ ನಿಯಮವನ್ನು ಕಾಯಲೆಂದು ಅವರಿಗೆ ಸಂಬಳ ಸಿಗುತ್ತದೆಯೋ ಅದೇ ನಿಯಮವನ್ನು ಮುರಿಯುವ ದಾರಿಯನ್ನು ಅವರೇ ತೋರಿಸಬೇಕಾಗಿ ಬಂದದ್ದು ಏಕೆ ಎಂಬುದು ಆಮೇಲಿನ ಏಳು ತಿಂಗಳಲ್ಲಿ ನನಗೆ ಚೆನ್ನಾಗಿ ಅರ್ಥವಾಯಿತು.

ನಮಗೆ ಬಿಡಬೇಕಾಗಿ ಬಂದ ಕಾರಣ ತೀರಾ ಸಾಮಾನ್ಯವಾದದ್ದು. ಕುಂದಾಪುರದ ಕಡೆಯ ಊರಿನಲ್ಲಿದ್ದ ಮಾವನವರಿಗೆ ಕಿಡ್ನಿಯ ತೊಂದರೆ ಹೆಚ್ಚಾಗಿ, ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕೆಂದು ವೈದ್ಯರು ಹೇಳಿದ ಮೇಲೆ ಅವರನ್ನು ಮುಂಬಯಿಗೆ ಕರೆತಂದೆವು. ನಮ್ಮ ಖೋಲಿ ಇದ್ದದ್ದು ನಾಲ್ಕನೆಯ ಮಾಳಿಗೆಯಲ್ಲಿ, ಲಿಫ್ಟು ಇದ್ದದ್ದು ಹೆಸರಿಗೆ. ಡಯಾಲಿಸಿಸ್ ಮುಗಿಸಿ ಬಂದ ಮುದುಕರನ್ನು ಕುರ್ಚಿಯಲ್ಲಿ ಕೂರಿಸಿ ನಮ್ಮವರೂ ಪಕ್ಕದ ಮನೆಯ ಹುಡುಗನೂ ಮೇಲೆ ಹೊತ್ತು ತರುತ್ತಿದ್ದರು. ಎರಡು ತಿಂಗಳು ಹಾಗೆ ನಡೆಸಿ, ಕೊನೆಗೆ ಡೊಂಬಿವಿಲಿಯಲ್ಲಿ ಡಯಾಲಿಸಿಸ್ ಕೇಂದ್ರಕ್ಕೆ ಹತ್ತಿರವಿರುವ ನೆಲಮಹಡಿಯ ಮನೆಯೊಂದನ್ನು ಖಾಸಗಿಯಾಗಿ ಬಾಡಿಗೆಗೆ ಹಿಡಿದೆವು. ಎರಡೆರಡು ಬಾಡಿಗೆ ಕಟ್ಟುವ ಶಕ್ತಿ ನಮಗಿರಲಿಲ್ಲ. ಇದ್ದಿದ್ದರೂ, ಸರ್ಕಾರಿ ದರದ ಖೋಲಿಯೊಂದನ್ನು ಖಾಲಿ ಇಟ್ಟುಕೊಂಡಿರುವುದು ಮನಸ್ಸಿಗೆ ಒಗ್ಗುವ ಸಂಗತಿಯಾಗಿರಲಿಲ್ಲ.

ಈ ನಿರ್ಧಾರ ಕೇಳಿ ಚಿಕ್ಕಮ್ಮ ಹಣೆ ಬಡಿದುಕೊಂಡರು. "ಮುಂಬಯಿಯಲ್ಲಿ ಕೈಗೆ ಬಂದ ಖೋಲಿಯನ್ನು ಯಾರಾದರೂ ಬಿಡುತ್ತಾರೇನೇ?" ಎಂಬ ಅವರ ಪ್ರಶ್ನೆಯ ಹಿಂದೆ ಒಂದು ಶತಮಾನದ ಅನುಭವವಿದೆ, ಅದನ್ನು ತಳ್ಳಿಹಾಕುವಂತಿಲ್ಲ. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿದ ಬಿಡಿಡಿ ಚಾಳುಗಳನ್ನೇ ನೋಡಿ. ವರ್ಲಿ, ನಾಯಗಾಂವ್, ಎನ್. ಎಂ. ಜೋಶಿ ಮಾರ್ಗ ಮತ್ತು ಶಿವಡಿಯಲ್ಲಿ ಒಟ್ಟು 207 ಚಾಳುಗಳು, ಒಂದೊಂದು ಖೋಲಿಯೂ ಸುಮಾರು 160 ಚದರಡಿ. ಅಲ್ಲಿ ಅತ್ಯಲ್ಪ ಬಾಡಿಗೆಗೆ ತಲೆಮಾರುಗಳ ಕಾಲ ಉಳಿದುಕೊಂಡ ಅನೇಕ ಕುಟುಂಬಗಳಿಗೆ ಈಗ ಪುನರ್ವಿಕಾಸದಲ್ಲಿ 500 ಚದರಡಿಯ ಸ್ವಂತ ಮನೆ ಸಿಗುತ್ತಿದೆ. ಅದು ಅವರಿಗೆ ನ್ಯಾಯವಾಗಿಯೇ ಸಲ್ಲಬೇಕಾದದ್ದು ಎಂದು ನಾನು ನಂಬುತ್ತೇನೆ. ಆದರೆ ಇಡೀ ನಗರ ಅದರಿಂದ ಕಲಿತ ಪಾಠವೆಂದರೆ, ಸರ್ಕಾರದ ಬಾಡಿಗೆ ಖೋಲಿ ಒಂದು ದಿನ ಸ್ವಂತದ್ದಾಗುತ್ತದೆ, ಆದ್ದರಿಂದ ಪ್ರಾಣ ಹೋದರೂ ಬಿಡಬಾರದು ಎಂಬುದು. ನಮ್ಮದು ಅಂಥ ಹಕ್ಕಿನ ಖೋಲಿಯಲ್ಲ, 36 ತಿಂಗಳ ಲೀವ್ ಆಂಡ್ ಲೈಸೆನ್ಸ್ ಕರಾರು ಮಾತ್ರ ಎಂದು ಚಿಕ್ಕಮ್ಮನಿಗೆ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ.

ಈ 'ಲೀವ್ ಆಂಡ್ ಲೈಸೆನ್ಸ್' ಎಂಬ ಪದವೂ ಖೋಲಿ ಬಿಡದವರ ಭಯದಿಂದಲೇ ಮುಂಬಯಿಯಲ್ಲಿ ಬೇರೂರಿದ್ದು. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿ, ಬಾಡಿಗೆದಾರರನ್ನು ಎಬ್ಬಿಸುವುದನ್ನು ಕಷ್ಟಕರವಾಗಿಸಿತು. ಮಾಲಕರು ಅದರಿಂದ ತಪ್ಪಿಸಿಕೊಳ್ಳಲು 'ಇದು ಬಾಡಿಗೆಯಲ್ಲ, ಇರಲು ಕೊಟ್ಟ ಅನುಮತಿ ಮಾತ್ರ' ಎಂದು ಬರೆಸಿಕೊಳ್ಳತೊಡಗಿದರು. 1973ರಲ್ಲಿ ತಿದ್ದುಪಡಿ ಬಂದು, ಆ ವರ್ಷದ ಫೆಬ್ರವರಿ 1ರಂದು ಅಂಥ ಅನುಮತಿಯ ಮೇಲೆ ವಾಸವಿದ್ದವರೆಲ್ಲ ಬಾಡಿಗೆದಾರರೇ ಎಂದು ಘೋಷಿತರಾದ ಮೇಲೆ ಮಾಲಕರ ಭಯ ಇನ್ನೂ ಹೆಚ್ಚಿತು. ಈಗ ಜಾರಿಯಲ್ಲಿರುವ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 24ನೆಯ ಕಲಮಿನ ಪ್ರಕಾರ, ಅವಧಿ ಮುಗಿದ ಮೇಲೂ ಮನೆ ಬಿಡದವರು ಲೈಸೆನ್ಸ್ ಶುಲ್ಕದ ಎರಡು ಪಟ್ಟು ಪರಿಹಾರ ತೆರಬೇಕಾಗುತ್ತದೆ. ಅದೇ ಕಾಯಿದೆಯ 56ನೆಯ ಕಲಮು ಹಳೆಯ ಬಾಡಿಗೆದಾರರಿಗೆ ಖೋಲಿ ಬಿಟ್ಟುಕೊಡುವಾಗ ಹಣ ಪಡೆಯುವುದನ್ನು, ಅಂದರೆ ನಮ್ಮವರೆಲ್ಲ ಬಲ್ಲ ಪಾಗಡಿಯನ್ನು, ಕಾನೂನುಬದ್ಧಗೊಳಿಸಿದೆ. ಸಾರ್ವಜನಿಕ ವಸತಿಯಲ್ಲಿರುವವರಿಗೆ ಇದರಲ್ಲಿ ಯಾವುದೂ ಇಲ್ಲ, ಏಕೆಂದರೆ 3ನೆಯ ಕಲಮು ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಸ್ವತ್ತನ್ನು ಕಾಯಿದೆಯಿಂದಲೇ ಹೊರಗಿಟ್ಟಿದೆ. ಅವುಗಳಿಗೆಂದೇ ಬೇರೆ ಕಾಯಿದೆಗಳಿವೆ: ರಾಜ್ಯ ಸರ್ಕಾರದ ಸ್ವತ್ತಿಗೆ 1955ರದು, ಕೇಂದ್ರದ್ದಕ್ಕೆ 1971ರದು. ಎರಡರ ಹೆಸರಿನಲ್ಲಿಯೂ 'ಎವಿಕ್ಷನ್' ಎಂಬ ಪದವಿದೆ. ಹೊರಹಾಕುವುದಕ್ಕೆ ಅಧಿಕಾರಿ, ನೋಟೀಸು, ವಿಚಾರಣೆ, ಅಪೀಲು ಎಲ್ಲವನ್ನೂ ಅಲ್ಲಿ ವಿವರವಾಗಿ ಬರೆದಿಟ್ಟಿದ್ದಾರೆ. ತಾನಾಗಿ ಹೊರಟವನ ಕೈಯಿಂದ ಕೀಲಿಕೈಯನ್ನು ಯಾರು, ಎಷ್ಟು ದಿನದೊಳಗೆ ತೆಗೆದುಕೊಳ್ಳಬೇಕು ಎಂಬುದಕ್ಕೆ ನಮ್ಮ ಕರಾರಿನಲ್ಲಿ ಒಂದು ಸಾಲೂ ಇರಲಿಲ್ಲ.

ಕರಾರಿನಲ್ಲಿ ಏನಿತ್ತು ಎಂಬುದನ್ನು ನಾನು ಸಹಿ ಮಾಡಿದ ದಿನ ಓದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ನೋಂದಣಿಯ ಹುಡುಗ ಲ್ಯಾಪ್‌ಟಾಪು, ಹೆಬ್ಬೆಟ್ಟಿನ ಯಂತ್ರ ಹಿಡಿದು ಬಂದು ಹತ್ತು ನಿಮಿಷದಲ್ಲಿ ಎಲ್ಲ ಮುಗಿಸಿದ್ದ. ಒಂಬತ್ತನೆಯ ಪುಟದಲ್ಲಿ ಮೊದಲ 24 ತಿಂಗಳು 'ಲಾಕ್-ಇನ್' ಎಂದೂ, ಅದರೊಳಗೆ ಬಿಟ್ಟರೆ ಆರು ತಿಂಗಳ ಬಾಡಿಗೆಯಷ್ಟು ಠೇವಣಿ, ಅಂದರೆ 42,000 ರೂಪಾಯಿ, ಪೂರ್ತಿಯಾಗಿ ಜಪ್ತಿ ಎಂದೂ, ಏನಿದ್ದರೂ ಎರಡು ತಿಂಗಳ ನೋಟೀಸು ಕೊಡಬೇಕೆಂದೂ ಬರೆದಿತ್ತು. ನಾವು ನೋಟೀಸು ಕೊಟ್ಟದ್ದು ಹತ್ತೊಂಬತ್ತನೆಯ ತಿಂಗಳಲ್ಲಿ.

ಖಾಸಗಿ ಮಾಲಕನೊಬ್ಬ ಲಾಕ್-ಇನ್ ಹಾಕಿದರೆ ಅದರ ತರ್ಕ ನನಗೆ ಅರ್ಥವಾಗುತ್ತದೆ. ಅವನಿಗೆ ಬ್ಯಾಂಕಿನ ಕಂತು ಇರುತ್ತದೆ, ಹೊಸ ಬಾಡಿಗೆದಾರ ಸಿಗುವವರೆಗೆ ಮನೆ ಖಾಲಿ ಬೀಳುತ್ತದೆ, ಬ್ರೋಕರಿಗೆ ಮತ್ತೆ ದಲ್ಲಾಳಿ ಕೊಡಬೇಕಾಗುತ್ತದೆ. ಸಾರ್ವಜನಿಕ ಸಂಸ್ಥೆಯ ಬಾಗಿಲಲ್ಲಿಯಾದರೋ ಅರ್ಜಿದಾರರ ಸಾಲು ನಿಂತಿದೆ. ಒಬ್ಬರು ಬಿಟ್ಟರೆ ಮರುದಿನವೇ ಇನ್ನೊಬ್ಬರಿಗೆ ಕೊಡಬಹುದು. ಕೊಡಲಿಕ್ಕೆಂದೇ ಆ ಕಟ್ಟಡ ಎದ್ದಿದೆ. ಅಂಥಲ್ಲಿ ಬೇಡವಾದ ಖೋಲಿಯನ್ನು ಬೇಗ ಹಿಂದಿರುಗಿಸುವವನಿಗೆ ಸಂಸ್ಥೆ ದಂಡ ಹಾಕುವುದೆಂದರೆ, ಆ ಸಾಲಿನಲ್ಲಿ ನಿಂತವರಿಗೇ ದಂಡ ಹಾಕಿದ ಹಾಗೆ. ದಂಡಕ್ಕೆ ಹೆದರಿದವನು ಬಿಡುವುದಿಲ್ಲ, ಬೀಗ ಹಾಕುತ್ತಾನೆ. ಬೀಗ ಹಾಕಿದವನು ಆರು ತಿಂಗಳಲ್ಲಿ ಪರಿಚಯದವರೊಬ್ಬರನ್ನು ತಂದಿಟ್ಟು ಮೇಲಿಷ್ಟು ಹಣ ಪಡೆಯುತ್ತಾನೆ. ಆಮೇಲೆ ಅದೇ ಕಚೇರಿ ಪೋಟ-ಭಾಡೇಕರು, ಅಂದರೆ ಒಳಬಾಡಿಗೆದಾರರು, ಹೆಚ್ಚಾದರೆಂದು ಮನೆ ಮನೆ ತಪಾಸಣೆಗೆ ಹೊರಡುತ್ತದೆ. ಗುಮಾಸ್ತರ ಸಲಹೆಯ ಬೇರು ಇಲ್ಲಿದೆ.

ಇಷ್ಟಾಗಿಯೂ ಠೇವಣಿಯ ಜಪ್ತಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ತಾಬಾ ಪಾವತಿ. ಖೋಲಿಯ ಸ್ವಾಧೀನವನ್ನು ಸಂಸ್ಥೆ ವಾಪಸು ಪಡೆಯಿತು ಎಂದು ಬರೆದುಕೊಡುವ ಈ ಒಂದು ಹಾಳೆಯ ಮೇಲಿನ ತಾರೀಖಿನವರೆಗೆ ಬಾಡಿಗೆಯ ಗಡಿಯಾರ ನಿಲ್ಲುವುದಿಲ್ಲ. ನೋಟೀಸಿನ ಎರಡು ತಿಂಗಳು ಆಗಸ್ಟ್ 3ಕ್ಕೆ ಮುಗಿಯಿತು. ಅದರ ಹಿಂದಿನ ದಿನವೇ ನಾವು ಸಾಮಾನು ಸಾಗಿಸಿ, ಗುಡಿಸಿ ಒರೆಸಿ, ಕೀಲಿಕೈ ಹಿಡಿದು ಕಚೇರಿಗೆ ಹೋದರೆ, ಜಂಟಿ ತಪಾಸಣೆಯಾಗದೆ ಕೀಲಿಕೈ ಮುಟ್ಟುವಂತಿಲ್ಲ ಎಂದರು. ತಪಾಸಣೆಗೆ ಜೂನಿಯರ್ ಇಂಜಿನಿಯರರೂ ಎಸ್ಟೇಟ್ ವಿಭಾಗದವರೂ ಒಂದೇ ದಿನ ಬರಬೇಕು. ಒಬ್ಬರಿಗೆ ಪುರಸೊತ್ತಾದ ದಿನ ಇನ್ನೊಬ್ಬರಿಗೆ ಮೀಟಿಂಗು. ಗಣಪತಿ ಬಂದು ಹೋದ, ಪಿತೃಪಕ್ಷ ಕಳೆಯಿತು, ದಸರೆ ಮುಗಿಯಿತು. ವಾರಕ್ಕೊಮ್ಮೆಯಾದರೂ ಡೊಂಬಿವಿಲಿಯಿಂದ ಲೋಕಲ್ ಹಿಡಿದು, ಬೆವರು ಒರೆಸುತ್ತ ಆ ಕಚೇರಿಯ ಬೆಂಚಿನ ಮೇಲೆ ಕುಳಿತು ಎದ್ದು ಬರುತ್ತಿದ್ದೆ. ಕೀಲಿಕೈ ಪರ್ಸಿನಲ್ಲಿಯೇ ಇರುತ್ತಿತ್ತು. ಕೊನೆಗೆ ಅಕ್ಟೋಬರ್ 17ರಂದು ಇಬ್ಬರೂ ಬಂದು, ಏಳು ನಿಮಿಷದಲ್ಲಿ ನಲ್ಲಿ, ಕಿಟಕಿ, ಗೋಡೆ ನೋಡಿ ಸಹಿ ಹಾಕಿದರು. ಈ 75 ದಿನಗಳ ಬಾಡಿಗೆ 17,500 ರೂಪಾಯಿ ನಮ್ಮ ಲೆಕ್ಕಕ್ಕೆ ಬಿತ್ತು. ಅವರ ವಿಳಂಬಕ್ಕೆ ನಮ್ಮ ಹಣ.

ನನಗೆ ನೆರವಾದದ್ದು ಎರಡು. ಒಂದು, ಪ್ರತಿ ಸಲವೂ ಬಾಯಿಮಾತಿಗೆ ಬಿಡದೆ ಚೀಟಿ ಬರೆದು, ನಕಲಿನ ಮೇಲೆ ಆವಕ ವಿಭಾಗದ, ಅಂದರೆ ಬಂದ ಪತ್ರಗಳನ್ನು ಸ್ವೀಕರಿಸುವವರ, ಮುದ್ರೆ ಹಾಕಿಸಿಕೊಂಡಿದ್ದೆ. ಆಗಸ್ಟ್ 2ರಂದು ಕೀಲಿಕೈ ಕೊಡಲು ಬಂದಿದ್ದೆ, ತೆಗೆದುಕೊಳ್ಳಲಿಲ್ಲ ಎಂಬುದಕ್ಕೆ ಅವರದೇ ಮುದ್ರೆಯ ಸಾಕ್ಷಿಯಿತ್ತು. ಇದು ತಂದೆಯವರಿಂದ ಬಂದ ಬುದ್ಧಿ. ಮುಂಬಯಿಯ ಕೋಟೆ (ಫೋರ್ಟ್) ಭಾಗದ ಹೋಟೆಲೊಂದರಲ್ಲಿ ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು, ಚೀಟಿಯಿಲ್ಲದ ಲೆಕ್ಕವನ್ನು ನಂಬುತ್ತಿರಲಿಲ್ಲ. ಇನ್ನೊಂದು, ನಮ್ಮ ಪರಿಚಯದ ವಕೀಲರೊಬ್ಬರು ತಿಳಿಸಿದ ಕಾನೂನು. 1872ರ ಭಾರತೀಯ ಕರಾರು ಕಾಯಿದೆಯ 74ನೆಯ ಕಲಮಿನಂತೆ, ಕರಾರಿನಲ್ಲಿ ಬರೆದ ದಂಡದ ಮೊತ್ತವು ಮೇಲ್ಮಿತಿ ಮಾತ್ರ. ಸಿಗಬೇಕಾದದ್ದು ಆ ಮಿತಿಯೊಳಗಿನ ಸಮಂಜಸ ಪರಿಹಾರ. 73ನೆಯ ಕಲಮಿನ ವಿವರಣೆಯು, ನಷ್ಟವನ್ನು ಅಳೆಯುವಾಗ ಅದನ್ನು ತಪ್ಪಿಸಿಕೊಳ್ಳಲು ಇದ್ದ ದಾರಿಗಳನ್ನೂ ಗಣಿಸಬೇಕೆನ್ನುತ್ತದೆ. 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಷ್ಟವೇ ಆಗಿಲ್ಲದಿರುವಾಗ ಮುಂಗಡ ಹಣವನ್ನು ಜಪ್ತಿ ಮಾಡುವುದು ಸಲ್ಲದೆಂದು ಹೇಳಿತು. ಅಲ್ಲಿ ಪ್ರಾಧಿಕಾರವು ಅದೇ ನಿವೇಶನವನ್ನು ಮತ್ತೆ ಹರಾಜು ಹಾಕಿ ಮೊದಲಿಗಿಂತ ಬಹಳ ಹೆಚ್ಚು ಹಣ ಪಡೆದಿತ್ತು. ಅದು ನಿವೇಶನದ ಮಾತು, ನಮ್ಮದು ಖೋಲಿಯದ್ದು. ಎರಡೂ ಒಂದೇ ಎಂದು ನಾನು ವಾದಿಸಲಾರೆ. ಆದರೆ ನಮ್ಮ ನಿರ್ಗಮನದಿಂದ ನಿಮಗಾದ ನಷ್ಟವೇನು, ಎರಡು ತಿಂಗಳು ಮೊದಲೇ ತಿಳಿಸಿದ್ದರೂ ಖೋಲಿಯನ್ನು ಇನ್ನೊಬ್ಬರಿಗೆ ಏಕೆ ಕೊಡಲಿಲ್ಲ ಎಂಬ ಎರಡು ಪ್ರಶ್ನೆಗಳನ್ನು ಈ ಆಧಾರದ ಮೇಲೆ ಪತ್ರದಲ್ಲಿ ಕೇಳಿದೆ. ಉತ್ತರ ಬರಲಿಲ್ಲ. ಜನವರಿಯಲ್ಲಿ ಚೆಕ್ಕು ಬಂತು: 75 ದಿನಗಳ ಬಾಡಿಗೆಯನ್ನು ಕೈಬಿಟ್ಟು, ಎರಡು ತಿಂಗಳ ಬಾಡಿಗೆ 14,000, ಬಣ್ಣಕ್ಕೆಂದು 6,000 ಕಳೆದು, 22,000 ರೂಪಾಯಿ.

ಎರಡು ತಿಂಗಳ ಕಡಿತಕ್ಕೆ ನನ್ನ ತಕರಾರಿಲ್ಲ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಬೇಕಾದಾಗ ಬಂದು ಬೇಡವಾದಾಗ ಹೋಗಲು ಅದು ಲಾಡ್ಜಲ್ಲ. ಅರ್ಜಿ ಪರಿಶೀಲಿಸಿ, ಹಂಚಿಕೆ ಮಾಡಿ, ಕರಾರು ನೋಂದಾಯಿಸುವುದಕ್ಕೆ ಸಂಸ್ಥೆಗೂ ಖರ್ಚಿದೆ. ನಾನು ವಿರೋಧಿಸುವುದು ಠೇವಣಿಯನ್ನು ಇಡಿಯಾಗಿ ನುಂಗುವ ಕಲಮನ್ನು, ಮತ್ತು ತಾಬಾ ಪಾವತಿಯ ತಾರೀಖನ್ನು ಕಚೇರಿಯ ಅನುಕೂಲಕ್ಕೆ ಬಿಟ್ಟಿರುವುದನ್ನು. ನೋಟೀಸು ಮುಗಿದ ಏಳು ದಿನದೊಳಗೆ ತಪಾಸಣೆ ಆಗದಿದ್ದರೆ, ಕೀಲಿಕೈ ಕೊಡಲು ಬಂದ ದಿನವನ್ನೇ ಸ್ವಾಧೀನದ ದಿನವೆಂದು ಹಿಡಿಯಬೇಕು ಎಂಬ ಒಂದು ವಾಕ್ಯವನ್ನು ಕರಾರಿನಲ್ಲಿ ಸೇರಿಸಲು ಹೊಸ ಕಾಯಿದೆ ಬೇಕಾಗಿಲ್ಲ. ಕಾಯಿಲೆ, ಅಂಗವೈಕಲ್ಯ, ವರ್ಗಾವಣೆ, ಮನೆಯ ದುಡಿಯುವವರ ಸಾವು ಮುಂತಾದ ಕಾರಣಗಳಿಗೆ ಲಾಕ್-ಇನ್ ಅನ್ವಯಿಸುವುದಿಲ್ಲ ಎಂದು ಬರೆಯುವುದೂ ಕಷ್ಟವಲ್ಲ. ಲಿಫ್ಟು ಕೆಟ್ಟ ಕಟ್ಟಡದಲ್ಲಂತೂ ಲಾಕ್-ಇನ್ ಎಂಬ ಪದವನ್ನು ಬಳಸುವಾಗ ಸಂಸ್ಥೆಗೆ ಸ್ವಲ್ಪ ನಾಚಿಕೆಯಾಗಬೇಕು.

ಚೆಕ್ಕು ತರಲು ಹೋದ ದಿನ ಹಳೆಯ ಕಟ್ಟಡದ ಕಡೆಗೂ ಹೋಗಿದ್ದೆ. ನಮ್ಮ ಖೋಲಿಗೆ ಸಂಸ್ಥೆಯ ಬೀಗ, ಅದರ ಮೇಲೆ ಅಕ್ಟೋಬರಿನ ಮೊಹರು ಹಾಗೆಯೇ ಇತ್ತು. ಮೂರನೆಯ ಮಾಳಿಗೆಯಲ್ಲಿ ವಿಜಯಪುರದ ಕಡೆಯ ಹೆಣ್ಣುಮಗಳೊಬ್ಬಳು ತಡೆದು ನಿಲ್ಲಿಸಿ, "ಅಕ್ಕಾರ, ನಮ್ಮ ಮನಿಯವರಿಗೆ ಪುಣೆಕ್ಕ ಬದ್ಲಿ ಆಗೇತ್ರಿ, ನಾವೂ ಖೋಲಿ ಬಿಡಬೇಕ್ರಿ, ಏನೇನ್ ಮಾಡ್ಬೇಕ್ರಿ?" ಎಂದು ಕೇಳಿದಳು. ಮೆಟ್ಟಿಲ ಮೇಲೆಯೇ ಕುಳಿತು ಹೇಳಿದೆ: ಮೊದಲು ಕರಾರಿನ ಒಂಬತ್ತನೆಯ ಪುಟ ಓದು, ನೋಟೀಸಿನ ಪತ್ರದಲ್ಲಿ ಬಿಡುವ ತಾರೀಖನ್ನೂ ತಪಾಸಣೆಗೆ ಬರಬೇಕಾದ ದಿನವನ್ನೂ ನೀನೇ ಬರೆದು ಆವಕದ ಮುದ್ರೆ ಹಾಕಿಸು, ಕೊನೆಯ ದಿನ ಲೈಟಿನ ಮೀಟರಿನ ಮತ್ತು ಗ್ಯಾಸಿನ ಮೀಟರಿನ ಅಂಕಿಗಳ ಫೋಟೊ ತೆಗೆ, ಎರಡನ್ನೂ ನಿನ್ನ ಹೆಸರಿನಿಂದ ಬಂದ್ ಮಾಡಿಸು, ಖಾಲಿ ಖೋಲಿಯ ನಾಲ್ಕೂ ಗೋಡೆಗಳ ವಿಡಿಯೊ ಮಾಡು, ಕೀಲಿಕೈ ತೆಗೆದುಕೊಳ್ಳದಿದ್ದರೆ ತೆಗೆದುಕೊಳ್ಳಲಿಲ್ಲ ಎಂದು ಅದೇ ದಿನ ಬರೆದುಕೊಟ್ಟು ನಕಲು ಇಟ್ಟುಕೋ. ಅವಳು ಮಗಳ ಶಾಲೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡು, "ಬ್ಯಾರೇ ಯಾರನ್ನರ ಕುಂದ್ರಿಸಿ ಹೋಗ್ರಿ ಅಂತ ಆಫೀಸಿನ್ಯಾಗ ಹೇಳ್ಯಾರಲ್ರೀ?" ಎಂದಳು.