ಎರಡು ಶ್ರೀಕೃಷ್ಣ ಕೃಪಾ, ಒಂದು ಬಸಳೆ ಚಪ್ಪರ

ನಮ್ಮ ಓಣಿಯಲ್ಲಿ ಎರಡು ‘ಶ್ರೀಕೃಷ್ಣ ಕೃಪಾ’ಗಳಿವೆ. ಉಡುಪಿಯಲ್ಲಿ ಇದೇನೂ ದೊಡ್ಡ ವಿಷಯ ಅಲ್ಲ. ಆಚೆ ಕೃಪಾದವರ ಕರೆಂಟ್ ಬಿಲ್ಲು ನಮಗೆ ಬರುತ್ತದೆ, ನಮ್ಮ ಮದುವೆ ಕಾಗದ ಅವರಿಗೆ ಹೋಗುತ್ತದೆ. ಒಂದೆರಡು ಒಳ್ಳೆಯ ಊಟ ಹಾಗೇ ತಪ್ಪಿದ್ದೂ ಉಂಟು. ಇದೇ ಗೋಳು ನನ್ನ ಲ್ಯಾಪ್‌ಟಾಪಿಗೂ ಬರಬಹುದು ಅಂತ ಮಾತ್ರ ಅಂದುಕೊಂಡಿರಲಿಲ್ಲ.

ನಾನು ಮಂಗಳೂರಿನ ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದು ತೆಗೆದ ತಪ್ಪಿಗೆ ಅಲ್ಲಿಯ ಕಂಪ್ಯೂಟರು, ಫೋನು ಎಲ್ಲ ನನ್ನ ತಲೆಗೇ ಬಂದಿವೆ. ಜುಲೈ ತಿಂಗಳ ಒಂದು ದಿನ, ಆಕಾಶವೇ ಕಳಚಿ ಬಿದ್ದಂತೆ ಮಳೆ. ನಾನು ಮನೆಯಲ್ಲೇ ಇದ್ದೆ. ಧಣಿಗಳ ಫೋನು ಬಂತು.

“ಹೊರಗಿನ ಕಾಲ್ ಎಲ್ಲ ಗೋಡೌನಿಗೆ ಹೋಗಿ ರಿಂಗ್ ಆಗ್ತಾ ಉಂಟು. ಅಲ್ಲಿ ಜನ ಇಲ್ಲ. ಮನೆಯಿಂದಲೇ ಸರಿ ಮಾಡಿ ಮಾರಾಯ್ರೆ, ವಿಪಿಎನ್ ಕೊಟ್ಟದ್ದು ಮತ್ತೆ ಎಂತಕ್ಕೆ?”

ವಿಪಿಎನ್ ಅಂದರೆ ಇಂಟರ್ನೆಟ್ಟಿನ ಒಳಗೆ ಮನೆಯಿಂದ ಆಫೀಸಿಗೆ ಕೊರೆದ ಸುರಂಗ ಅಂದುಕೊಳ್ಳಿ. ಆನ್ ಮಾಡಿದೆ, ಹಸಿರು ದೀಪ ಬಂತು. ಆಫೀಸಿನ ಟೆಲಿಫೋನ್ ಎಕ್ಸ್‌ಚೇಂಜಿನ ವಿಳಾಸ 192.168.1.50. ಬ್ರೌಸರಿನಲ್ಲಿ ಒತ್ತಿದೆ. ಲಾಗಿನ್ ಪೇಜು ಬಂತು, ಆದರೆ ಮುಖ ಬೇರೆ. ಅಪ್‌ಡೇಟ್ ಆಗಿರಬೇಕು, ಈಗ ಯಾವುದರ ಮುಖ ಯಾವಾಗ ಬದಲಾಗ್ತದೆ ಹೇಳ್ಲಿಕ್ಕಾಗುವುದಿಲ್ಲ ಅಲ್ವಾ? ಪಾಸ್‌ವರ್ಡ್ ಹಾಕಿದೆ. ತಪ್ಪು. ಮತ್ತೆ ಹಾಕಿದೆ. ತಪ್ಪು. ಒಂದೊಂದೇ ಅಕ್ಷರ ಬೆರಳಿಟ್ಟು ಓದಿ ಹಾಕಿದೆ. ಐದನೇ ಸಲಕ್ಕೆ ‘ಲಾಕ್ ಆಗಿದೆ’ ಅಂತ ಬಂತು.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ: “ಕೆಮರಾ ಓಪನ್ ಆಗ್ತಾ ಇಲ್ಲ, ಎಂತ ಮಾಡಿದೆ ನೀನು?”

ಕೆಮರಾದ ಕತೆ ಹೇಳಲೇಬೇಕು. ಹಿತ್ತಲಲ್ಲಿ ಅಮ್ಮನ ಬಸಳೆ ಚಪ್ಪರ ಉಂಟು. ಹೋದ ವರ್ಷ ಯಾರದೋ ದನ ಬಂದು ಬುಡದವರೆಗೆ ಮೇಯ್ದು ಹೋಗಿತ್ತು. ಆಚೆ ಕೃಪಾದವರದ್ದೇ ಅಂತ ಅಮ್ಮನ ವಾದ. ಸಾಕ್ಷಿಗೆ ಬೇಕೆಂದು ಕೆಮರಾ, ಅದು ಕಂಡದ್ದನ್ನು ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆ ಎಲ್ಲ ಹಾಕಿಸಿದಳು. ಮೊಬೈಲಿನಲ್ಲಿ ಧಾರಾವಾಹಿಗಿಂತ ಜಾಸ್ತಿ ಅವಳು ಬಸಳೆಯನ್ನೇ ನೋಡುತ್ತಾಳೆ.

“ನಾನೆಂತ ಮಾಡ್ಲಿಲ್ಲ” ಅಂದೆ. ಹಾಗೇ ನಂಬಿದ್ದೆ ಕೂಡ.

ಎಕ್ಸ್‌ಚೇಂಜಿಗೆ ಪಿಂಗ್ ಹೊಡೆದೆ, ಅಂದರೆ ‘ಇದ್ದೀಯಾ?’ ಅಂತ ಆ ವಿಳಾಸಕ್ಕೆ ಕೂಗಿ ನೋಡಿದೆ. ಉತ್ತರ ಒಂದು ಮಿಲಿಸೆಕೆಂಡಿಗೂ ಮೊದಲೇ ಬಂತು. ಅಲ್ಲೇ ಸಂಶಯ ಬಂದದ್ದು. ಸುರಂಗದಲ್ಲಿ ಮಂಗಳೂರಿಗೆ ಹೋಗಿ ಇಷ್ಟು ಬೇಗ ವಾಪಸ್ ಬರ್ಲಿಕ್ಕೆ ನಮ್ಮ ಎಕ್ಸ್‌ಪ್ರೆಸ್ ಬಸ್ಸಿನವರಿಂದಲೂ ಆಗುವುದಿಲ್ಲ. ವಿಪಿಎನ್ ಆಫ್ ಮಾಡಿ ಹೊಡೆದೆ. ಆಗಲೂ ಉತ್ತರ ಬಂತು! ಅಂದರೆ ಉತ್ತರ ಕೊಡುತ್ತಿದ್ದದ್ದು ನಮ್ಮ ಟಿವಿ ಸ್ಟ್ಯಾಂಡಿನ ಅಡಿಯಲ್ಲಿ ಕೂತ ಡಿವಿಆರ್. ಅದರ ವಿಳಾಸವೂ 192.168.1.50. ಅಷ್ಟು ಹೊತ್ತು ನಾನು ಆಫೀಸಿನ ಪಾಸ್‌ವರ್ಡನ್ನು ಬಸಳೆ ಚಪ್ಪರಕ್ಕೆ ಹೇಳುತ್ತಿದ್ದೆ.

ಮನೆ, ಆಫೀಸು ಒಳಗೊಳಗೇ ಬಳಸಿಕೊಳ್ಳಲಿ ಅಂತ 1996ರಲ್ಲೇ ಮೂರು ಗುಂಪು ವಿಳಾಸಗಳನ್ನು ಬಿಟ್ಟುಕೊಟ್ಟಿದ್ದಾರೆ. 10ರಿಂದ ಶುರುವಾಗುವುದು ಒಂದು, 172.16ರಿಂದ 172.31ರವರೆಗಿನದು ಒಂದು, 192.168ರದ್ದು ಒಂದು. ಕೊನೆಯದರಲ್ಲೇ 65,536 ವಿಳಾಸ ಉಂಟು. ಆದರೆ ರೂಟರ್ ಮಾಡುವವರು ಹೆಚ್ಚಾಗಿ 192.168.0 ಇಲ್ಲವೇ 192.168.1 ಹಾಕಿಯೇ ಕಳಿಸುತ್ತಾರೆ, ನಾವು ಮುಟ್ಟುವುದಿಲ್ಲ. ನಮ್ಮ ಮನೆಯೂ ಅದೇ, ಆಫೀಸೂ ಅದೇ. ‘ಇದು ನಮ್ಮ ಓಣಿಯದ್ದೇ ನಂಬರು, ಸುರಂಗಕ್ಕೆ ಯಾಕೆ ಹೋಗಬೇಕು’ ಅಂತ ಲ್ಯಾಪ್‌ಟಾಪ್ ಪಕ್ಕದ ಬಾಗಿಲನ್ನೇ ತಟ್ಟಿದೆ. ಪೋಸ್ಟಿನವನದ್ದೂ ಇದೇ ಲೆಕ್ಕಾಚಾರ.

ಇಬ್ಬರಲ್ಲಿ ಒಬ್ಬರು ಹೆಸರು ಬದಲಿಸಬೇಕು. ಆಫೀಸಿನಲ್ಲಿ ಇಪ್ಪತ್ತು ಫೋನುಗಳಿವೆ, ಅದನ್ನು ಮುಟ್ಟುವ ಧೈರ್ಯ ನನಗಿಲ್ಲ. ಮನೆಯ ರೂಟರನ್ನೇ 192.168.77ಕ್ಕೆ ಹಾಕಿದೆ. ಸೇವ್ ಒತ್ತಿದ ಕೂಡಲೇ ಪೇಜೇ ಮಾಯ. ಎದೆ ಧಸಕ್ಕೆಂದಿತು. ಅದು ಹೊಸ ವಿಳಾಸಕ್ಕೆ ಹೋಗಿ ಕೂತಿತ್ತು, ಅಷ್ಟೆ. ವಿಪಿಎನ್ ಮತ್ತೆ ಆನ್ ಮಾಡಿದೆ. ಈಗ ಎಕ್ಸ್‌ಚೇಂಜಿನ ನಿಜವಾದ ಪೇಜು ಬಂತು. ಎರಡೇ ನಿಮಿಷದಲ್ಲಿ ಕಾಲ್‌ಗಳನ್ನು ಗೋಡೌನಿನಿಂದ ರಿಸೆಪ್ಷನ್ನಿಗೆ ತಿರುಗಿಸಿದೆ.

ಅಲ್ಲಿಗೇ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಪರೀಕ್ಷೆಗೆಂದು ಲ್ಯಾಪ್‌ಟಾಪಿನ ಫೋನ್ ಆ್ಯಪಿನಿಂದ ಆಫೀಸಿಗೆ ರಿಂಗ್ ಮಾಡಿದೆ. ಎತ್ತಿದರು, ಆದರೆ ಒಂದು ಶಬ್ದ ಕೇಳುವುದಿಲ್ಲ. “ಹಲೋ? ಹಲೋ?” ಹತ್ತು ಸಲ ಕೂಗಿದೆ. ಕೊನೆಗೆ ಅಮ್ಮನ ಕಡೆ ತಿರುಗಿ, “ಮಳೆಗಾಲಕ್ಕೆ ಮೊದಲೇ ಇದನ್ನು ಬದಲಿಸಿ ಅಂತ ಬಡ್ಕೊಂಡಿದ್ದೆ. ಈ ಮನುಷ್ಯನಿಗೆ ಒಂದು ರೂಪಾಯಿ ಬಿಚ್ಚಬೇಕಾದ್ರೆ ಜೀವ ಹೋಗ್ತದೆ” ಅಂದೆ.

ಮೊಬೈಲ್ ರಿಂಗಾಯಿತು. ರಿಸೆಪ್ಷನ್ನಿನ ಹುಡುಗಿ, ಪಿಸುಮಾತು: “ಸಾರ್, ನೀವು ಹೇಳಿದ್ದು ನಮಗೆ ಕೇಳ್ತಾ ಉಂಟು. ಸ್ಪೀಕರಲ್ಲಿ ಉಂಟು. ಧಣಿಗಳು ಇಲ್ಲೇ ಇದ್ದಾರೆ.”

ಆಮೇಲೆ ಹುಡುಕಿದಾಗ ಗೊತ್ತಾಯಿತು. ‘ನಿಮ್ಮ ಧ್ವನಿ ಇಲ್ಲಿಗೆ ಕಳಿಸಿ’ ಅಂತ ಆ್ಯಪು ಸುರಂಗದ ವಿಳಾಸ ಕೊಡುವ ಬದಲು ನಮ್ಮ ಮನೆಯ ವಿಳಾಸ ಬರೆದುಕೊಟ್ಟಿತ್ತು. ಆ ವಿಳಾಸಕ್ಕೆ ಆಫೀಸಿನಿಂದ ದಾರಿಯೇ ಇಲ್ಲ. ನನ್ನ ಮಾತಿಗೆ ಮಾತ್ರ ದಾರಿ ಸಲೀಸಾಗಿತ್ತು. ಸೆಟ್ಟಿಂಗ್ಸಿನಲ್ಲಿ ಒಂದು ಟಿಕ್ ಬದಲಿಸಿದೆ. ಧಣಿಗಳ ಧ್ವನಿ ಗಂಟೆ ಹೊಡೆದ ಹಾಗೆ ಕೇಳಿತು.

“ಮುಗೀತಾ?” ಅಂದರು.

“ಮುಗೀತು ಸಾರ್.”

“ನಾಳೆ ಬನ್ನಿ. ಮಾತಾಡ್ಲಿಕ್ಕುಂಟು.”

ಫೋನಿಟ್ಟು ಕುರ್ಚಿಗೆ ಒರಗಿದ್ದೇ ತಡ, ಹಿತ್ತಲಿನಿಂದ ಅಮ್ಮನ ಬೊಬ್ಬೆ. ಓಡಿ ಹೋಗಿ ನೋಡಿದರೆ ಮಳೆಯಲ್ಲೇ ದನ ಆರಾಮವಾಗಿ ಚಪ್ಪರದ ಅಡಿಯಲ್ಲಿ ನಿಂತಿತ್ತು. ಒಂದು ಮೂಲೆಯ ಬಸಳೆ ಪೂರ್ತಿ ಖಾಲಿ. ಇಡೀ ಮನೆ 77ಕ್ಕೆ ಹೋದರೂ ಡಿವಿಆರಿಗೆ ಯಾರೂ ಹೇಳಿರಲಿಲ್ಲ. ಅದು ಪಾಪ, ಹಳೇ 1.50ರಲ್ಲೇ ಒಂಟಿಯಾಗಿ ಕೂತು, ಮೊದಲ ಎಲೆಯಿಂದ ಕೊನೆಯ ಎಲೆಯವರೆಗೆ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿತ್ತು.