ಮಂಕು ಬಟ್ಟೆಯ ಪರವಾಗಿ ನಾಲ್ಕು ಮಾತು

ಮೊದಲ ಸಲ ಕ್ವಿಲ್ಟ್ (ನಮ್ಮ ಕೌದಿಯ ಹಾಗೆ ತುಂಡು ಬಟ್ಟೆ ಜೋಡಿಸಿ ಹೊಲಿದ ಹೊದಿಕೆ) ಪ್ರದರ್ಶನಕ್ಕೆ ಹೋಗಿ ಬಂದ ಮರುದಿನ, ತಂದದ್ದನ್ನೆಲ್ಲ ಹಾಸಿಗೆ ಮೇಲೆ ಹರಡಿಕೊಂಡು ಕೂತಿದ್ದೆ. ಹದಿನಾಲ್ಕು ತುಂಡು ಬಟ್ಟೆ. ದೊಡ್ಡ ಹೂವು, ದೊಡ್ಡ ಎಲೆ, ಹಕ್ಕಿ, ಒಂದರಲ್ಲಂತೂ ಕನ್ನಡಕ ಹಾಕಿದ ನರಿ. ಒಂದೊಂದನ್ನೇ ಎತ್ತಿ ಹಿಡಿದರೆ ಮುದ್ದು ಬರುವಷ್ಟು ಚೆಂದ. ಎರಡನ್ನು ಪಕ್ಕಪಕ್ಕ ಇಟ್ಟರೆ ಜಗಳ. ಹದಿನಾಲ್ಕನ್ನೂ ಇಟ್ಟರೆ ಸಂತೆ. ಪಕ್ಕದಲ್ಲಿದ್ದ ಅಕ್ಕ ಒಂದೇ ಮಾತು ಹೇಳಿದಳು: "ಎಲ್ಲರೂ ಮದುಮಗಳಾಗೇ ಬಂದಿದ್ದಾರಲ್ಲೇ, ಮದುವೆಗೆ ಓಡಾಡೋರು ಯಾರು?"

ಅವತ್ತಿನಿಂದ ನನ್ನದೊಂದು ಹಟ. ಪ್ರದರ್ಶನಕ್ಕೆ ಹೋದರೆ ಕೊಳ್ಳಬೇಕಾದ್ದು ಮಂಕು ಬಟ್ಟೆ. ತಿಳಿ ಬೂದಿ, ಮಾಸಲು ಬಿಳಿ, ಗಾಢ ನೀಲಿ, ಹತ್ತಿರ ಹೋದರೆ ಮಾತ್ರ ಕಾಣುವ ಸಣ್ಣ ಚುಕ್ಕೆ. ನೋಡಿದವರು "ಇದನ್ನ ಯಾಕೆ ತಗೊಂಡೆ?" ಅಂತ ಕೇಳಬೇಕು, ಅಂಥದ್ದು. ನಗಬೇಡಿ, ಸ್ವಲ್ಪ ಕೇಳಿ.

ಮಳಿಗೆಗಳಲ್ಲಿ ಜೋರು ಬಟ್ಟೆಗಳೆಲ್ಲ ಕಣ್ಣಿನ ಎತ್ತರಕ್ಕೇ ಇರುತ್ತವೆ. ಅವುಗಳ ಮೇಲೆ ಮಾದರಿಗೆ ಅಂತ ಹೊಲಿದ ಕ್ವಿಲ್ಟ್ ತೂಗುತ್ತಿರುತ್ತದೆ. ನಮ್ಮ ಮನಸ್ಸು ಸೋಲುವುದು ಆ ಕ್ವಿಲ್ಟ್‌ಗೆ, ಕೈ ಹೋಗುವುದು ಕೆಳಗಿನ ಹೂವಿನ ಬಟ್ಟೆಗೆ. ಮುಂದಿನ ಸಲ ಆ ಕ್ವಿಲ್ಟನ್ನು ಒಮ್ಮೆ ಸರಿಯಾಗಿ ನೋಡಿ. ಎಷ್ಟೋ ಸಲ ಅದರಲ್ಲಿ ಅರ್ಧಕ್ಕರ್ಧ ಸಾದಾ ಬಟ್ಟೆಯೇ. ಹೂವಿಗೆ ಉಸಿರಾಡಲು ಜಾಗ ಕೊಟ್ಟದ್ದು ಅದು. ಬಿಲ್ಲಿನಲ್ಲಿ ಮಾತ್ರ ಅದು ಬರುವುದಿಲ್ಲ, ಯಾಕೆಂದರೆ ನಾವು ಕೇಳುವುದೇ ಇಲ್ಲ.

ಅದಕ್ಕೇ ನಾನೀಗ ಮೊದಲು ಮಳಿಗೆಗಳ ಕಡೆ ಹೋಗುವುದೇ ಇಲ್ಲ. ಗೋಡೆಗೆ ತೂಗುಹಾಕಿದ ಕ್ವಿಲ್ಟ್‌ಗಳ ಮುಂದೆ ಹತ್ತು ಹೆಜ್ಜೆ ದೂರ ನಿಲ್ಲುತ್ತೇನೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನವರು ಹಳೆಯ ಹಾಸಿಗೆ ಕ್ವಿಲ್ಟ್‌ಗಳನ್ನು ಚಿತ್ರಗಳ ಹಾಗೆ ಗೋಡೆಗೆ ನೇತುಹಾಕಿ ತೋರಿಸಿದರು. ದೂರದಿಂದ ನೋಡುವ ಅಭ್ಯಾಸ ಶುರುವಾದದ್ದರಲ್ಲಿ ಆ ಪ್ರದರ್ಶನದ ಪಾಲು ದೊಡ್ಡದು. ಅಷ್ಟು ದೂರ ನಿಂತರೆ ಹೂವೂ ಕಾಣದು, ನರಿಯೂ ಕಾಣದು. ಯಾವುದು ತಿಳಿ, ಯಾವುದು ಗಾಢ, ಅಷ್ಟೇ. ಅಮೆರಿಕದಲ್ಲಿ ಸರಳವಾಗಿ ಬದುಕುವ ಅಮಿಶ್ ಅನ್ನುವ ಕ್ರೈಸ್ತ ಪಂಗಡದ ಹೆಂಗಸರು ಹೊಲಿದ ಹಳೆಯ ಕ್ವಿಲ್ಟ್‌ಗಳ ಮೇಲ್ಮೈಯಲ್ಲಿ ಹೂವಿನ ಬಟ್ಟೆ ಹುಡುಕಿದರೂ ಸಿಗುವುದು ಅಪರೂಪ. ಬರೀ ಸಾದಾ ಬಣ್ಣ. ಆದರೂ ಕಣ್ಣು ಅಲ್ಲಿಂದ ಕದಲುವುದಿಲ್ಲ.

ತಿಳಿ-ಗಾಢ ಗೊತ್ತಾಗುವುದಕ್ಕೆ ಸುಲಭದ ದಾರಿ ಜೇಬಿನಲ್ಲೇ ಇದೆ. ಆರಿಸಿದ ಬಟ್ಟೆಗಳನ್ನು ಸಾಲಾಗಿಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಕೆಂಪು, ಹಸಿರು, ನೇರಳೆ ಅಂತ ಬೇರೆಬೇರೆ ಆರಿಸಿದ್ದು ಫೋಟೊದಲ್ಲಿ ಒಂದೇ ಬೂದಿಯ ಮುದ್ದೆಯಾಗಿ ಕಂಡರೆ, ಹೊಲಿದ ಮೇಲೂ ದೂರದಿಂದ ಹೆಚ್ಚುಕಡಿಮೆ ಹಾಗೇ. ಇನ್ನೊಂದು, ಸಭಾಂಗಣದ ದೀಪ ನಂಬಬೇಡಿ. ಅಲ್ಲಿ ಒಂದೇ ಅಂತ ಕಂಡ ಎರಡು ಬಿಳಿ, ಬಿಸಿಲಿಗೆ ತಂದರೆ ಒಂದು ಹಳದಿ, ಒಂದು ನೀಲಿ. ಅಂಗಡಿಯವರನ್ನು ಕೇಳಿ ಬಾಗಿಲವರೆಗೆ ತಗೊಂಡು ಹೋಗಿ ನೋಡಿ. ಬೇಜಾರು ಮಾಡಿಕೊಂಡವರನ್ನು ನಾನಂತೂ ನೋಡಿಲ್ಲ.

ಈಗ ಅಳತೆ. ಇಲ್ಲಿ ಮೋಸ ಯಾರೂ ಮಾಡುವುದಿಲ್ಲ, ನಾವೇ ಹೋಗುತ್ತೇವೆ. ಕ್ವಿಲ್ಟ್ ಬಟ್ಟೆಯ ಅಗಲ ಸಾಮಾನ್ಯವಾಗಿ 42ರಿಂದ 44 ಇಂಚು. ಕಾಲು ಗಜ ಕೊಡಿ ಅಂದರೆ 9 ಇಂಚಿನ ಉದ್ದನೆಯ ಪಟ್ಟಿ ಕತ್ತರಿಸಿ ಕೊಡುತ್ತಾರೆ. ಮಡಚಿ ಜೋಡಿಸಿಟ್ಟ 'ಫ್ಯಾಟ್ ಕ್ವಾರ್ಟರ್' ಕೂಡ ಕಾಲು ಗಜವೇ, ಆದರೆ ಅರ್ಧ ಗಜವನ್ನು ನಡುವೆ ಸೀಳಿದ್ದು, 18ಕ್ಕೆ 22 ಇಂಚು. ಬಟ್ಟೆ ಅಷ್ಟೇ, ಆಕಾರ ಬೇರೆ. 5 ಇಂಚಿನ ಚೌಕ ಬೇಕಾದರೆ ಪಟ್ಟಿಯಲ್ಲಿ ಎಂಟು ಸಿಗುತ್ತವೆ, ಫ್ಯಾಟ್ ಕ್ವಾರ್ಟರ್‌ನಲ್ಲಿ ಹನ್ನೆರಡು. 10 ಇಂಚಿನ ಚೌಕ ಬೇಕಾದರೆ ಪಟ್ಟಿಯಲ್ಲಿ ಒಂದೂ ಇಲ್ಲ! ನಾನು ಉದ್ದ ಪಟ್ಟಿ ತಂದುಕೊಂಡು ಆಮೇಲೆ ಪೇಚಾಡಿದ್ದು ಇದೇ 10 ಇಂಚಿಗೆ.

ಸುರುಳಿ ಸುತ್ತಿಟ್ಟ ಜೆಲ್ಲಿ ರೋಲ್ ಬಗ್ಗೆ ನನಗೆ ಅರ್ಧ ಮನಸ್ಸು. ಎರಡೂವರೆ ಇಂಚಿನ ಸುಮಾರು 40 ಪಟ್ಟಿ, ಅಂದರೆ ಲೆಕ್ಕಕ್ಕೆ ಎರಡೂಮುಕ್ಕಾಲು ಗಜ ಬಟ್ಟೆ. ಕತ್ತರಿಸುವ ಕೆಲಸ ಉಳಿಯುತ್ತದೆ, ನಿಜ. ಆದರೆ ಅದು ಒಬ್ಬರೇ ವಿನ್ಯಾಸಕರ ಒಂದೇ ಕುಟುಂಬದ ಬಟ್ಟೆ. ಎಲ್ಲವೂ ಮಧ್ಯಮ ಬಣ್ಣ, ಅಣ್ಣತಮ್ಮಂದಿರ ಹಾಗೆ. ತೀರಾ ತಿಳಿ, ತೀರಾ ಗಾಢ ಎರಡನ್ನೂ ನಾವೇ ತಂದು ಸೇರಿಸಬೇಕು. ನೋಡಿ, ಮತ್ತೆ ಮಂಕು ಬಟ್ಟೆಗೇ ಬಂದೆವು. ಅಂದಹಾಗೆ ಆ ಪಟ್ಟಿಗಳ ಅಂಚು ಗರಗಸದ ಹಲ್ಲಿನ ಹಾಗಿರುತ್ತದೆ. ಅಳತೆ ಹಲ್ಲಿನ ತುದಿಯಿಂದಲೋ ಬುಡದಿಂದಲೋ ಅಂತ ಹೊಲಿಯುವ ಮೊದಲೇ ಅಳತೆಪಟ್ಟಿ ಇಟ್ಟು ನೋಡಿಕೊಳ್ಳಿ.

ಹಿಂಬದಿಯ ಬಟ್ಟೆಯನ್ನು ಮಾತ್ರ ಪ್ರದರ್ಶನದಲ್ಲೇ ಕೊಳ್ಳಬೇಕು ಅನ್ನುತ್ತೇನೆ. 108 ಇಂಚು ಅಗಲದ ಹತ್ತಿ ಬಟ್ಟೆ ಮಾಮೂಲಿ ಬಟ್ಟೆ ಅಂಗಡಿಯಲ್ಲಿ ಸುಲಭಕ್ಕೆ ಸಿಗದು. ಅದೊಂದಿದ್ದರೆ ದೊಡ್ಡ ಕ್ವಿಲ್ಟ್‌ನ ಬೆನ್ನಿಗೆ ಜೋಡಣೆಯೇ ಬೇಡ. ಒಳಗೆ ಹಾಕುವ ಬ್ಯಾಟಿಂಗ್ ಕೂಡ (ಕ್ರಿಕೆಟ್ಟಿನದ್ದಲ್ಲ, ನಡುವಿನ ಮೆತ್ತನೆಯ ಹಾಸು) ಮುಟ್ಟಿ ನೋಡಿಯೇ ತಗೋಬೇಕು. ಹತ್ತಿಯದ್ದು ಚಪ್ಪಟೆ, ಒಗೆದ ಮೇಲೆ ಸ್ವಲ್ಪ ಕುಗ್ಗಿ ಮೇಲೆಲ್ಲ ಸುಕ್ಕು ಬರುತ್ತದೆ. ಕೆಲವರಿಗೆ ಆ ಸುಕ್ಕೇ ಇಷ್ಟ, ನನಗೂ. ಉಣ್ಣೆಯದ್ದು ಹಗುರ, ಬೆಚ್ಚಗೆ. ಪಾಲಿಯೆಸ್ಟರ್ ಉಬ್ಬಿಕೊಂಡಿರುತ್ತದೆ. ಹೊಲಿಗೆಯ ಸಾಲುಗಳ ನಡುವೆ ಹೆಚ್ಚೆಂದರೆ ಎಷ್ಟು ಅಂತರ ಬಿಡಬಹುದು ಅಂತ ಪೊಟ್ಟಣದ ಮೇಲೆ ಬರೆದಿರುತ್ತಾರೆ. ಅದನ್ನು ಓದದೆ ತಂದರೆ ಒಳಗಿನ ಹಾಸು ಮುದ್ದೆ ಕಟ್ಟಿದಾಗ ಯಾರನ್ನೂ ಬೈಯುವಂತಿಲ್ಲ.

ಇನ್ನು ಸಲಕರಣೆ. ಡೆಮೊ ತೋರಿಸುವವರ ಕೈ ನೋಡಿದ್ದೀರಲ್ವಾ? ಹೊಸ ಬ್ಲೇಡು, ಇಸ್ತ್ರಿ ಮಾಡಿದ ಬಟ್ಟೆ, ಸೊಂಟದ ಎತ್ತರದ ಮೇಜು, ದಿನಕ್ಕೆ ನೂರು ಸಲ ಮಾಡಿ ಪಳಗಿದ ಕೈ. ಅಲ್ಲಿ ಬೆಣ್ಣೆಯ ಹಾಗೆ ಕತ್ತರಿಸಿದ್ದು ನಮ್ಮ ಮನೆಯ ಊಟದ ಮೇಜಿನ ಮೇಲೆ ಯಾಕೆ ಎಳೆಯುತ್ತದೆ ಅಂದರೆ ಅದಕ್ಕೇ. ನಾನು ಎಡಚಿ ಬೇರೆ. "ಒಂದ್ಸಲ ನಾನೇ ಮಾಡಿ ನೋಡ್ಲಾ?" ಅಂತ ಕೇಳದೆ ಏನನ್ನೂ ಕೊಳ್ಳುವುದಿಲ್ಲ. ರೋಟರಿ ಕಟರ್‌ನ (ಚಕ್ರದ ಹಾಗೆ ಉರುಳಿ ಬಟ್ಟೆ ಕತ್ತರಿಸುವ ಸಲಕರಣೆ) ಬ್ಲೇಡು ಅಳತೆಪಟ್ಟಿಗೆ ಒತ್ತಿಕೊಂಡು ಓಡಬೇಕು. ಬಲಗೈಯವರಿಗೆ ಜೋಡಿಸಿದ್ದನ್ನು ಎಡಗೈಯಲ್ಲಿ ಹಿಡಿದರೆ ಬ್ಲೇಡು ಆಚೆ, ಹಿಡಿಕೆ ಈಚೆ. ಬಿಚ್ಚಿ ಇನ್ನೊಂದು ಬದಿಗೆ ಹಾಕಲು ಬರುತ್ತದಾ ಅನ್ನುವುದೇ ನನ್ನ ಮೊದಲ ಪ್ರಶ್ನೆ. ಒಮ್ಮೆ ಒಬ್ಬರು "ಎಲ್ಲರಿಗೂ ಆಗುತ್ತೆ ಮೇಡಂ" ಅಂದರು. ನಾನು ಹಿಡಿದು ಎರಡು ಇಂಚು ಓಡಿಸಿದೆ. ಅವರೇ ವಾಪಸ್ ತಗೊಂಡರು.

ಆದರೂ ಈ ಕಟರ್ ಬಗ್ಗೆ ಕೆಟ್ಟದ್ದು ಹೇಳಲಾರೆ. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಇದನ್ನು ತಂದಿತು. ಅದಕ್ಕೂ ಮುಂಚೆ ರಟ್ಟಿನ ಅಚ್ಚು ಇಟ್ಟು ಪೆನ್ಸಿಲಿನಲ್ಲಿ ಗೀಟೆಳೆದು ಒಂದೊಂದೇ ತುಂಡನ್ನು ಕತ್ತರಿಯಲ್ಲಿ ಕತ್ತರಿಸಬೇಕಿತ್ತು. ಬ್ಲೇಡಿನ ಅಡ್ಡಳತೆ 45 ಮಿಲಿಮೀಟರ್ ಇರುವುದು ಒಂದಿದ್ದರೆ ಸಾಕು. 28, 60 ಎಲ್ಲ ಆಮೇಲೆ ನೋಡಿದರಾಯಿತು. ಕಟರ್ ಇದ್ದವರು ಪ್ರದರ್ಶನದಲ್ಲಿ ಹೊಸ ಬ್ಲೇಡು ತಗೊಳ್ಳಿ, ಹೊಸ ಕಟರ್ ಬೇಡ.

ಅಳತೆಪಟ್ಟಿಯಲ್ಲಿ ನಾನು ಸುಟ್ಟುಕೊಂಡಿದ್ದೇನೆ. ಒಂದು ಕಂಪನಿಯ ಉದ್ದ ಪಟ್ಟಿ, ಇನ್ನೊಂದರ ಚೌಕ. ಗೆರೆಗಳ ದಪ್ಪ ಬೇರೆ, ಹಾಗಾಗಿ ಅಳತೆಯೂ ಕೂದಲೆಳೆಯಷ್ಟು ಬೇರೆ. ಕ್ವಿಲ್ಟ್‌ನಲ್ಲಿ ಹೊಲಿಗೆಯ ಅಂಚು ಕಾಲು ಇಂಚು ಮಾತ್ರ. ಒಂದೊಂದು ಜೋಡಣೆಗೆ ಇಂಚಿನ ಹದಿನಾರನೇ ಒಂದು ಭಾಗ ತಪ್ಪಿದರೂ 24 ಜೋಡಣೆಗೆ ಒಂದೂವರೆ ಇಂಚು. ಮೇಲಿನ ಸಾಲು ಕೆಳಗಿನ ಸಾಲಿಗಿಂತ ಉದ್ದ ಆಗಿ ಕೂತಾಗ ನಾನು ಬೈದದ್ದು ಮಷೀನಿಗೆ. ಪಾಪ, ಅದರ ತಪ್ಪೇನೂ ಇರಲಿಲ್ಲ.

ಸೂಜಿ-ದಾರದ ನಂಬರು ಯಾರು ಇಟ್ಟರೋ! ಮಷೀನ್ ಸೂಜಿಗೆ ನಂಬರು ದೊಡ್ಡದಾದಷ್ಟೂ ಸೂಜಿ ದಪ್ಪ. ಕೈ ಸೂಜಿಗೆ ನಂಬರು ದೊಡ್ಡದಾದಷ್ಟೂ ಸಣ್ಣ. ದಾರಕ್ಕೂ ಹಾಗೇ, 50ನೇ ನಂಬರಿಗಿಂತ 80 ತೆಳು. ನಾನು ಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗುತ್ತೇನೆ.

ಹೋದ ಸಲದ ಚೀಟಿಯಲ್ಲಿ ಇದ್ದದ್ದು ನಾಲ್ಕೇ: ತಿಳಿ ಬೂದಿ ಬಟ್ಟೆ ಮೂರು ಗಜ, ಗಾಢ ನೀಲಿ ಎರಡು ಗಜ, ಬ್ಲೇಡು, ಕೈ ಸೂಜಿ. ಅಷ್ಟನ್ನೇ ತಂದೆ. ಅಕ್ಕ ಚೀಲ ಬಿಚ್ಚಿ ನೋಡಿ "ಇದನ್ನ ಯಾಕೆ ತಗೊಂಡೆ?" ಅಂದಳು. ಬೂದಿ ಬಟ್ಟೆ ಆಗಲೇ ಮುಗಿದಿದೆ, ಒಂದು ಅಂಗೈ ಅಗಲ ಉಳಿದಿದೆ. ಆ ಹದಿನಾಲ್ಕು ತುಂಡುಗಳಲ್ಲಿ ಒಂಬತ್ತು ಅದರ ಜೊತೆ ಸೇರಿ ಕ್ವಿಲ್ಟ್ ಆದವು. ನರಿಯನ್ನು ಮಾತ್ರ ಕತ್ತರಿಸಲು ಮನಸ್ಸು ಬಂದಿಲ್ಲ. ಕನ್ನಡಕ ಹಾಕಿಕೊಂಡು ಬೀರುವಿನಲ್ಲೇ ಕೂತಿದೆ.