ಶೀಲ್ಡ್ ಎಷ್ಟು ಬಂತು ಅಂತ ಕೇಳೋರೇ ಜಾಸ್ತಿ

ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಪರೀಕ್ಷೆ ಇಡೋದೇ ಹಿಂಸೆ ಅಂತ ಬರೆದಿದ್ದೀರಿ. ನಾನು ಅರ್ಧ ಒಪ್ಪುತ್ತೇನೆ. ನಾವು ತೀರ್ಥಹಳ್ಳಿ ಹತ್ತಿರದವರು, ಹೋದ ವರ್ಷ ಮಗಳನ್ನು ಕೇಂಬ್ರಿಡ್ಜ್‌ನವರು ಚಿಕ್ಕ ಮಕ್ಕಳಿಗೆ ನಡೆಸೋ ಇಂಗ್ಲಿಷ್ ಪರೀಕ್ಷೆಯ ಮೊದಲ ಹಂತ ಸ್ಟಾರ್ಟರ್ಸ್‌ಗೆ ಕೂರಿಸಿದ್ದೆ. ಅದರಲ್ಲಿ ಪಾಸು ಫೇಲು ಅಂತಲೇ ಇಲ್ಲ. ಕೇಳೋದು, ಓದಿ ಬರೆಯೋದು, ಮಾತಾಡೋದು, ಮೂರಕ್ಕೂ ಅಂಕದ ಬದಲು ಶೀಲ್ಡ್ ಅಂತ ಗುರಾಣಿ ಗುರುತು ಕೊಡುತ್ತಾರೆ, ಒಂದೊಂದಕ್ಕೆ ಹೆಚ್ಚೆಂದರೆ ಐದು, ಒಟ್ಟು 15. ಕೇಳೋ ಭಾಗದಲ್ಲಿ ರೆಕಾರ್ಡಿಂಗ್ ಎರಡು ಸಲ ಹಾಕುತ್ತಾರೆ, ಅದು ಹೇಳಿದ ಹಾಗೆ ಚಿತ್ರಕ್ಕೆ ಬಣ್ಣ ತುಂಬಬೇಕು. ನನ್ನ ಮಗಳಿಗೆ ಅದು ಪರೀಕ್ಷೆ ಅಂತಲೇ ಅನಿಸಿಲ್ಲ, ಕ್ರೇಯಾನ್ ವಾಪಸ್ ಕೊಡಬೇಕಾ ಅಂತ ಕೇಳಿದಳು ಅಷ್ಟೇ.

ಹಿಂಸೆ ಶುರುವಾಗಿದ್ದು ಟ್ಯೂಷನ್‌ನಲ್ಲಿ. ಮಾತಾಡೋ ಪರೀಕ್ಷೆ ಇರೋದೇ ಮೂರರಿಂದ ಐದು ನಿಮಿಷ, ಅದಕ್ಕೆ ಎರಡು ತಿಂಗಳು ಉತ್ತರ ಬಾಯಿಪಾಠ ಮಾಡಿಸಿದರು! ಯಾವ ಹಣ್ಣು ಇಷ್ಟ ಅಂದರೆ 'ಆಪಲ್' ಅನ್ನಬೇಕಂತೆ. ಮನೆಯಲ್ಲಿ ಹಲಸಿನ ತೊಳೆ ಬಿಡಿಸೋಕೆ ಕೂತರೆ ಕೈಗೆ ಎಣ್ಣೆ ಹಚ್ಚೋ ಮೊದಲೇ ಬಂದು ಕೂರೋಳು ಅವಳು, ಆಪಲ್ ಕೊಟ್ಟರೆ ಅರ್ಧ ಕಚ್ಚಿ ಬಿಡುತ್ತಾಳೆ. ಹಲಸಿನ ಹಣ್ಣಿಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ಅವಳು ಕೇಳಿದ್ದಕ್ಕೆ, ಟ್ಯೂಷನ್‌ನವರು 'ಅದು ಸಿಲಬಸ್‌ನಲ್ಲಿಲ್ಲ' ಅಂದರಂತೆ.

ರಿಸಲ್ಟ್ ಬಂದ ಮೇಲೆ ಇನ್ನೊಂದು ಕಥೆ. ಶಿವಮೊಗ್ಗ ಬಸ್ಸಲ್ಲಿ ಸಿಕ್ಕ ಪರಿಚಯದವರೊಬ್ಬರು 'ನಮ್ಮವನಿಗೆ 14, ನಿಮ್ಮವಳಿಗೆ?' ಅಂತ ಮಂಡಗದ್ದೆ ದಾಟೋವರೆಗೂ ಬಿಡಲಿಲ್ಲ. ನಾನು ಹೇಳಲಿಲ್ಲ. ಮುಂದಿನ ಹಂತ ಮೂವರ್ಸ್‌ಗೆ ಕೂರಿಸುತ್ತೇನೆ, ಆದರೆ ಆ ಟ್ಯೂಷನ್‌ಗೆ ಮಾತ್ರ ಕಳಿಸಲ್ಲ.